"ಮೊದಲು ಹೀಗಿರಲಿಲ್ಲ" ಎಂದು ಬರೆಸಿ: ಹಾಡಿಯ ಮಗುವಿನ ಜೊತೆ ಕ್ಯಾಶುವಾಲ್ಟಿಗೆ ಹೋಗುವವರಿಗೆ

ಬುಡಕಟ್ಟಿನವರ ಹಾಡಿಯಿಂದಲೋ ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದಲೋ ರಾತ್ರಿ ಫೋನ್ ಬಂದು, "ಸಿಸ್ಟರಮ್ಮ, ಹುಡುಗ ಏನೇನೋ ಆಡ್ತಿದ್ದಾನೆ, ಹಿಡಿಯೋಕೆ ಆಗ್ತಿಲ್ಲ" ಅಂದರೆ ನಾನು ಮೊದಲು ಹೇಳುವುದು ಇಷ್ಟು: ಸಾಧ್ಯವಾದರೆ ಸ್ಕೂಲ್ ಯೂನಿಫಾರ್ಮ್ ಹಾಕಿಸಿ. ಹಾಕಿಸಲು ಬಿಡದಿದ್ದರೆ ಚೀಲದಲ್ಲಿ ತುರುಕಿಕೊಂಡು ಬನ್ನಿ, ಆಸ್ಪತ್ರೆ ಬಾಗಿಲಲ್ಲಿ ಮೈಮೇಲೆ ಹೊದಿಸೋಣ.

ಕೇಳಿದವರಿಗೆ ವಿಚಿತ್ರ ಅನಿಸಬಹುದು. ನಾನು 31 ವರ್ಷ ನರ್ಸ್ ಆಗಿದ್ದವಳು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಶುವಾಲ್ಟಿಯಲ್ಲೇ ಕಳೆದಿದೆ. ಕಾಫಿ ಕುಯ್ಲಿಗೆ ಹೋಗುವ ಹರಕು ಅಂಗಿ, ಮೊಣಕಾಲವರೆಗೆ ಕೆಸರು, ಬಾಯಲ್ಲಿ ಅರ್ಥವಾಗದ ಮಾತು. ಹೀಗೆ ಬಂದ ಎರವ ಬುಡಕಟ್ಟಿನ ಹುಡುಗ ಕೂಗಾಡಿದರೆ ನಮ್ಮ ಕಣ್ಣಿಗೆ ಅವನು ಕುಡುಕ. ಅದೇ ಹುಡುಗ ಯೂನಿಫಾರ್ಮಿನಲ್ಲಿದ್ದರೆ ಎಂಟನೇ ಕ್ಲಾಸಿನ ವಿದ್ಯಾರ್ಥಿ. ಉಪಾಯ ನಾಚಿಕೆಗೇಡಿನದು, ಒಪ್ಪುತ್ತೇನೆ. ಆ ನಾಚಿಕೆ ಹಾಡಿಯವರದ್ದಲ್ಲ, ನಮ್ಮದು.

ನಮ್ಮದು ಅಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಒಂದೇ ತಿಂಗಳಲ್ಲಿ, ಎರಡು ಮಕ್ಕಳು ಬಂದರು. ಒಬ್ಬ ಎಸ್ಟೇಟ್ ಮಾಲೀಕರ ಮಗ, ಪಿಯುಸಿ ಓದುತ್ತಿದ್ದ. ಮನೆಯಲ್ಲಿ ಟಿವಿ ಒಡೆದು, ಅಪ್ಪನ ಮೇಲೆ ಕೈಮಾಡಿ ಬಂದಿದ್ದ. ಅವನನ್ನು ಪಕ್ಕದ ರೂಮಿಗೆ ಕರೆದುಕೊಂಡು ಹೋಗಿ ದೀಪ ಸಣ್ಣದು ಮಾಡಿದೆವು. ಡ್ಯೂಟಿ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಅಪ್ಪನಿಗೆ ನಾನೇ ಕುರ್ಚಿ ಹಾಕಿ, "ಪರೀಕ್ಷೆ ಟೆನ್ಷನ್ ಸರ್, ಹೆದರಬೇಡಿ" ಅಂದೆ. ಇನ್ನೊಬ್ಬಳು ಲೈನ್ ಮನೆಯ ಎರವರ ಹುಡುಗಿ, 13 ವರ್ಷ. ಕಿರುಚುತ್ತಿದ್ದಳು, ಅಟೆಂಡರ್ ಕೈ ಕಚ್ಚಿದಳು. ರೋಲರ್ ಬ್ಯಾಂಡೇಜಿನಲ್ಲಿ ಅವಳ ಎರಡೂ ಮಣಿಕಟ್ಟನ್ನು ಸ್ಟ್ರೆಚರ್ ಕಂಬಿಗೆ ಕಟ್ಟಿದವಳು ನಾನು. ಡ್ರಿಪ್ ಹಾಕಲು ಅಡ್ಡ ಬರುತ್ತದೆಂದು ಕೈಯಲ್ಲಿದ್ದ ಕಪ್ಪು ನೂಲನ್ನು ಕತ್ತರಿಯಲ್ಲಿ ಕತ್ತರಿಸಿದೆ. ಆಗ ಅವಳು ಕೂಗಿದ ಕೂಗು ಬೇರೆಯದೇ. ಅಮ್ಮನನ್ನು ಹೊರಗೆ ಕೂರಿಸಿದ್ದೆವು, ನೆಲದ ಮೇಲೆ. ಫೈಲಿನಲ್ಲಿ "ಅನ್‌ಕೋಆಪರೇಟಿವ್" ಎಂದು ಬರೆದಾಯಿತು. ಬೆಳಗಿನ ಜಾವ ಐದಕ್ಕೆ ಥರ್ಮಾಮೀಟರ್ ಇಟ್ಟರೆ 103. ರಾತ್ರಿಯಿಡೀ ಜ್ವರ ನೆತ್ತಿಗೇರಿ ಒದ್ದಾಡುತ್ತಿದ್ದ ಮಗುವನ್ನು ನಾವು ಹಟಮಾರಿ ಎಂದು ಕಟ್ಟಿಹಾಕಿದ್ದೆವು. ಮಗು ಉಳಿಯಿತು. ಮಾಲೀಕರ ಮಗನ ಜ್ವರವನ್ನು ಅವನು ಬಂದ ಐದು ನಿಮಿಷದಲ್ಲೇ ನಾನು ನೋಡಿದ್ದೆ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ನನ್ನ ತಂಗಿಯ ಮಗಳು ಅಮೆರಿಕದಲ್ಲಿ ನರ್ಸ್. ಅಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ ಎಂದು ಅವಳು ಹೇಳಿದಾಗ ನನಗೆ ಈ ಹುಡುಗಿಯೇ ಕಣ್ಣ ಮುಂದೆ ಬಂದಳು. ನ್ಯೂ ಇಂಗ್ಲೆಂಡ್ ಭಾಗದ 11 ಎಮರ್ಜೆನ್ಸಿ ವಿಭಾಗಗಳ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಬಿಳಿಯ ಮಕ್ಕಳಿಗೆ ಹೋಲಿಸಿದರೆ ಕಪ್ಪು ಮಕ್ಕಳನ್ನು ಕಟ್ಟಿಹಾಕುವ ಸಂಭವ ಸುಮಾರು 1.8 ಪಟ್ಟು. ಕಪ್ಪು ಮಕ್ಕಳನ್ನು ಅವರ ವಯಸ್ಸಿಗಿಂತ ದೊಡ್ಡವರೆಂದು ಕಾಣುವ ಅಭ್ಯಾಸವೂ ಅಲ್ಲಿ ದಾಖಲಾಗಿದೆ. ಅಲ್ಲಿ ಬಣ್ಣ, ಇಲ್ಲಿ ಜಾತಿ, ಬುಡಕಟ್ಟು, ಭಾಷೆ, ಮೈಮೇಲಿನ ಅಂಗಿ. ನಮ್ಮಲ್ಲಿ ಯಾರೂ ಎಣಿಸಿಟ್ಟದ್ದನ್ನು ನಾನು ಕಂಡಿಲ್ಲ. ನನ್ನ ಹತ್ತಿರ ಇರುವುದು ನಾನು ಹಾಕಿದ ಗಂಟುಗಳ ನೆನಪು ಮಾತ್ರ.

ನಿವೃತ್ತಿಯಾದ ಮೇಲೆ ಕೊಡಗಿನ ತಿತಿಮತಿ ಕಡೆ ಇದ್ದೇನೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮೇಷ್ಟ್ರುಗಳು, ಜೀಪ್ ಓಡಿಸುವ ಹುಡುಗರು ಕೇಳುತ್ತಲೇ ಇರುತ್ತಾರೆ: ಇಂಥ ಮಗುವಿನ ಜೊತೆ ಹೋದರೆ ನಾವೇನು ಮಾಡಬೇಕು? ಅವರಿಗಾಗಿ ಇದು.

ಹೊರಡುವ ಮೊದಲು ಒಂದು ಚೀಟಿ

ಮೂರು ಜನ ಹೋಗಿ. ಅಮ್ಮ ಅಥವಾ ಮಗು ನಂಬುವ ಹಿರಿಯರು ಒಬ್ಬರು. ಮಗುವಿನ ಮಾತೂ ಕನ್ನಡವೂ ಎರಡೂ ಬರುವವರು ಒಬ್ಬರು. ಪೆನ್ನು ಹಿಡಿಯುವವರು ಒಬ್ಬರು. ಹತ್ತು ಜನ ತುಂಬಿಕೊಂಡು ಹೋದರೆ ಸೆಕ್ಯೂರಿಟಿಯವನು ಎಲ್ಲರನ್ನೂ ಹೊರಗೆ ಹಾಕುತ್ತಾನೆ, ಅಮ್ಮನನ್ನೂ ಸೇರಿಸಿ.

ಗಾಡಿ ಬರುವಷ್ಟರಲ್ಲಿ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಿರಿ. ಹೋದ ವರ್ಷ ಒಬ್ಬ ಹುಡುಗನಿಗೆ ನಾನು ಬರೆದದ್ದು ಹೀಗಿತ್ತು:

"ವಯಸ್ಸು 14, ಶಾಲೆಯ ದಾಖಲೆ ಪ್ರಕಾರ. 8ನೇ ಕ್ಲಾಸು. ಮನೆಮಾತು ಎರವ, ಕನ್ನಡ ಅರ್ಥವಾಗುತ್ತದೆ. ಶುಕ್ರವಾರದಿಂದ ನಿದ್ದೆ ಇಲ್ಲ. ಭಾನುವಾರದಿಂದ ಊಟ ಬಿಟ್ಟಿದ್ದಾನೆ. ಇವತ್ತು ಸಂಜೆ 6ಕ್ಕೆ ಯಾರೋ ಕರೆಯುತ್ತಿದ್ದಾರೆ ಎಂದು ಕಾಡಿನ ಕಡೆ ಓಡಿದ. ಫಿಟ್ಸ್ ಹಿಂದೆ ಬಂದಿಲ್ಲ. ತಲೆಗೆ ಪೆಟ್ಟು ಬಿದ್ದಿಲ್ಲ. ಹೆಂಡ, ಗಾಂಜಾ ಇಲ್ಲ. ಯಾವ ಮಾತ್ರೆಯೂ ತಗೊಳ್ಳುತ್ತಿಲ್ಲ. ಮೊದಲು ಹೀಗಿರಲಿಲ್ಲ. ದಿನಾ ಶಾಲೆಗೆ ಹೋಗುತ್ತಿದ್ದ, ಕಬಡ್ಡಿ ಆಡುತ್ತಿದ್ದ, ತಂಗಿಯನ್ನು ನೋಡಿಕೊಳ್ಳುತ್ತಿದ್ದ."

ಇಡೀ ಚೀಟಿಯಲ್ಲಿ ಬೆಲೆಬಾಳುವುದು ಕೊನೆಯ ಎರಡು ಸಾಲು. ಮನಸ್ಸಿನ ಕಾಯಿಲೆಯನ್ನು ಡಾಕ್ಟರ್ ಅಳೆಯುವುದು ಮೊದಲಿದ್ದದ್ದಕ್ಕೂ ಈಗಿರುವುದಕ್ಕೂ ಇರುವ ವ್ಯತ್ಯಾಸದಿಂದ. ಮಾಲೀಕರ ಮಗ ಮೊದಲು ಹೇಗಿದ್ದ ಎಂದು ಯಾರೂ ಹೇಳಬೇಕಾಗಿಲ್ಲ, ಒಳ್ಳೆಯ ಹುಡುಗ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಹಾಡಿಯ ಹುಡುಗನ ವಿಷಯದಲ್ಲಿ "ಇವರು ಇರೋದೇ ಹೀಗೆ" ಎಂಬ ಮಾತು ನಾಲಿಗೆಯ ತುದಿಯಲ್ಲಿರುತ್ತದೆ. ಆ ಮಾತು ಬಂದ ಮೇಲೆ ಕಾಯಿಲೆಯನ್ನು ಹುಡುಕುವವರಿಲ್ಲ. ಅದಕ್ಕೇ ಕಬಡ್ಡಿ, ಅದಕ್ಕೇ ತಂಗಿ. ನಿಜ ಇದ್ದದ್ದನ್ನೇ ಬರೆಯಿರಿ. ಕುಡಿದಿದ್ದರೆ ಕುಡಿದಿದ್ದಾನೆ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. ಚೀಟಿ ಕೊಡುವ ಮೊದಲು ಮೊಬೈಲಿನಲ್ಲಿ ಫೋಟೋ ಹಿಡಿದುಕೊಳ್ಳಿ.

ವಯಸ್ಸನ್ನು ಯಾಕೆ ಮೊದಲ ಸಾಲಿನಲ್ಲಿ ಬರೆದೆ ಎಂದರೆ, ಅದೇ ಹುಡುಗನ ಒಪಿಡಿ ಚೀಟಿಯಲ್ಲಿ ಕೌಂಟರಿನವರು ಯಾರನ್ನೂ ಕೇಳದೆ 19 ಎಂದು ಟೈಪ್ ಮಾಡಿದ್ದರು. ಅವನ ಅಂಗೈ ನೋಡಿದರೆ ಯಾರಿಗಾದರೂ ಹಾಗನ್ನಿಸಬಹುದು, ಕತ್ತಿ ಹಿಡಿದು ಗಟ್ಟಿಯಾದ ಕೈ. ಹತ್ತೊಂಬತ್ತು ಎಂದು ಬಿದ್ದರೆ ಗಂಡಸರ ವಾರ್ಡು, ದೊಡ್ಡವರ ಡೋಸು, ಅಮ್ಮ ಹೊರಗೆ. ಮಗುವಿಗೆ ಅಡ್ಮಿಷನ್ ಬೇಕಾದರೆ ದೊಡ್ಡವರಿಂದ ಬೇರೆಯಾಗಿ ಇಡಬೇಕು, ಮನೆಯವರೊಬ್ಬರು ಪೂರ್ತಿ ಅವಧಿ ಜೊತೆಗಿರಬೇಕು, ಹುಡುಗಿಯಾದರೆ ಜೊತೆಗೆ ಹೆಂಗಸೇ ಇರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಇದೆಲ್ಲ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಆಧಾರ್ ಇಲ್ಲದಿದ್ದರೆ ಶಾಲೆಯ ಐಡಿ, ತಾಯಿ ಕಾರ್ಡ್, ಅಂಗನವಾಡಿ ಪುಸ್ತಕ, ಏನಿದೆಯೋ ಅದು ತನ್ನಿ. ಏನೂ ಇಲ್ಲದಿದ್ದರೂ ಹೊರಡಿ. ಜೀವ ಉಳಿಸುವ ಚಿಕಿತ್ಸೆಗೆ ಯಾವ ಕಾಗದವೂ ಅಡ್ಡ ಬರಬಾರದು ಎಂಬುದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಇತ್ಯರ್ಥ ಮಾಡಿದೆ. ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳ ವಿಷಯದಲ್ಲಿ ಇದನ್ನು ಗಟ್ಟಿಯಾಗಿ ನೆನಪಿಡಿ. ಅವರನ್ನು ಕಾಯಿಲೆ ಕೇಳುವ ಮೊದಲು "ಯಾವ ದೇಶ" ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ದಾರಿಯಲ್ಲಿ

108ಕ್ಕೆ ಫೋನ್ ಮಾಡಿ. ಹಾಡಿ ಕಾಡಿನ ಒಳಗಿದ್ದರೆ ಯಾವ ಗೇಟಿನಿಂದ ಬರಬೇಕು, ಗೇಟಿನಲ್ಲಿ ಯಾರು ಕಾಯುತ್ತಾರೆ ಎಂದು ಹೇಳಿ, ಒಬ್ಬರನ್ನು ಟಾರ್ಚ್ ಕೊಟ್ಟು ಅಲ್ಲಿ ನಿಲ್ಲಿಸಿ. ಆನೆ ಓಡಾಡುವ ದಾರಿಯಾದರೆ ಒಬ್ಬರನ್ನೇ ಕಳಿಸಬೇಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವುದು, ಟವರ್ ಹೋಗುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಜೀಪ್ ಸಿಕ್ಕರೆ ಜೀಪು.

ಕಾಯುವ ಹೊತ್ತಿನಲ್ಲಿ 14416ಕ್ಕೆ ಮಾಡಿ. ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ. ಅವರು ಬಂದು ಮಗುವನ್ನು ಹಿಡಿಯುವುದಿಲ್ಲ, ನಿಮ್ಮ ಗಾಬರಿಯನ್ನು ಹಿಡಿಯುತ್ತಾರೆ. ಅದೂ ದೊಡ್ಡ ಉಪಕಾರವೇ.

ಗಾಡಿಯಲ್ಲಿ ಸೀರೆಯಿಂದ, ಹಗ್ಗದಿಂದ ಕಟ್ಟಬೇಡಿ. ಹಿಡಿಯಲೇಬೇಕಾದರೆ ಕೈಯನ್ನೋ ಕಾಲನ್ನೋ ಹಿಡಿಯಿರಿ. ಎದೆಯ ಮೇಲೆ ಕೂರುವುದು, ಬೋರಲು ಒತ್ತಿ ಹಿಡಿಯುವುದು ಬೇಡವೇ ಬೇಡ, ಉಸಿರು ನಿಂತೀತು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ. ಬೀಗದ ಕೈ, ಕಬ್ಬಿಣ ಹುಡುಕಿಕೊಂಡು ಕೂರಬೇಡಿ. ನೂಲು ಕಟ್ಟಿಸಿಕೊಂಡೇ ಬರುತ್ತೇವೆ ಎಂದು ಮನೆಯವರು ಹಟ ಹಿಡಿದರೆ ಜಗಳಕ್ಕೆ ನಿಲ್ಲಬೇಡಿ. ಐದು ನಿಮಿಷದಲ್ಲಿ ಕಟ್ಟಿಸಿ, ಹೊರಡಿಸಿ. ನೂಲಿಗೂ ಔಷಧಕ್ಕೂ ದ್ವೇಷವಿಲ್ಲ.

ಕ್ಯಾಶುವಾಲ್ಟಿಯೊಳಗೆ

ದನಿ ಏರಿಸಬೇಡಿ. ಒಳಗಿದ್ದವಳಾಗಿ ಹೇಳುತ್ತೇನೆ, ರಾತ್ರಿಪಾಳಿಯಲ್ಲಿ ಇಬ್ಬರು ನರ್ಸುಗಳ ಮೇಲೆ ಹದಿನೈದು ರೋಗಿಗಳಿರುತ್ತಾರೆ. ಜಗಳ ಮಾಡುವವರ ಮಗುವಿನ ಹತ್ತಿರ ಯಾರೂ ಪ್ರೀತಿಯಿಂದ ಬರುವುದಿಲ್ಲ. ಇದು ಸರಿಯೇ ಎಂದರೆ ಸರಿಯಲ್ಲ. "ಸಿಸ್ಟರ್, ಜ್ವರ ಮತ್ತೆ ಶುಗರ್ ಒಂದ್ಸಲ ನೋಡ್ತೀರಾ?" ಎಂದು ಕೇಳಿ. ಈ ಒಂದು ಪ್ರಶ್ನೆ ನೂರು ವಾದಕ್ಕೆ ಸಮ. ಥರ್ಮಾಮೀಟರ್, ಬೆರಳಿಗೆ ಚುಚ್ಚಿ ನೋಡುವ ಶುಗರ್, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ಪು, ಬಿಪಿ: ಐದು ನಿಮಿಷದ ಕೆಲಸ. ಮನಸ್ಸಿನದು ಎಂದು ಬರೆಯುವ ಮೊದಲು ಮೈಯನ್ನು ನೋಡಿರಬೇಕು. ಎರಡು ದಿನ ಊಟ ಬಿಟ್ಟ ಮಗುವಿಗೆ ಶುಗರ್ ಇಳಿದರೂ ಹುಚ್ಚುಹುಚ್ಚಾಗಿ ಆಡುತ್ತದೆ. ತೋಟದ ಔಷಧಿ ಮೈಗೆ ತಾಗಿದ್ದರೆ, ಹೊಟ್ಟೆಗೆ ಹೋಗಿದ್ದರೆ ಹಾಗೆಯೇ. ಡಬ್ಬ ಸಿಕ್ಕರೆ ಜೊತೆಯಲ್ಲಿ ತನ್ನಿ. ಇನ್ನೊಂದು, ಸಿಕಲ್ ಸೆಲ್. ನಮ್ಮ ಬುಡಕಟ್ಟು ಸಮುದಾಯಗಳಲ್ಲಿ ಈ ರಕ್ತದ ಕಾಯಿಲೆ ಇದೆ, ಕೇಂದ್ರದ ಸಿಕಲ್ ಸೆಲ್ ಅಭಿಯಾನ 2023ರ ಜುಲೈಯಲ್ಲಿ ಶುರುವಾದದ್ದೂ ಮುಖ್ಯವಾಗಿ ಇಂಥವರಿಗಾಗಿಯೇ. ಪರೀಕ್ಷೆಯ ಕಾರ್ಡ್ ಇದ್ದರೆ ತೋರಿಸಿ. ಆ ಕಾಯಿಲೆಯ ಮೂಳೆ ನೋವಿಗೆ ಕೂಗುವ ಮಗುವನ್ನು ನಾಟಕ ಅಂದವರಿದ್ದಾರೆ.

"ಕುಡಿದಿದ್ದಾನಾ?" ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ, ಸಿಟ್ಟಾಗಬೇಡಿ. ಚೀಟಿ ತೋರಿಸಿ. ನಂಬದಿದ್ದರೆ, "ಅನುಮಾನ ಇದ್ರೆ ಪರೀಕ್ಷೆ ಮಾಡ್ಸಿ ಡಾಕ್ಟ್ರೇ, ಆಮೇಲೆ ಬರೀರಿ" ಎನ್ನಿ. ಬಾಯಿವಾಸನೆ ನೋಡದೆ, ಮುಖ ನೋಡಿ ಬರೆದ "ಆಲ್ಕೋಹಾಲ್" ಎಂಬ ಒಂದು ಪದ ಮುಂದಿನ ಆಸ್ಪತ್ರೆಗೂ ಮಗುವಿಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಭಾಷೆಯ ವಿಷಯ. ಎರವ ಭಾಷೆ ಮಲಯಾಳಕ್ಕೆ ಹತ್ತಿರ. ಕೊಡಗಿನ ಯಾವ ಆಸ್ಪತ್ರೆಯಲ್ಲಾದರೂ ಮಲಯಾಳ ಬರುವ ಸಿಸ್ಟರ್ ಒಬ್ಬರಾದರೂ ಸಿಗುತ್ತಾರೆ, ಕೇಳಿನೋಡಿ. ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರ, ನಿಧಾನಕ್ಕೆ ಕೇಳಿದರೆ ಅರ್ಧ ತಿಳಿಯುತ್ತದೆ. ಆದರೆ ಪೂರ್ತಿ ಮಾತಿಗೆ ನೀವು ಕರೆದುಕೊಂಡು ಹೋದವರೇ ಬೇಕು. ಅವರಿಗೆ ಮೊದಲೇ ಹೇಳಿಕೊಡಿ: ಮಗು ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು, ಚಂದ ಮಾಡಬಾರದು. ಸತ್ತ ಅಜ್ಜಿ ಕರೆಯುತ್ತಾಳೆ ಎಂದು ಮಗು ಅಂದರೆ ಅದನ್ನೇ ಹೇಳಬೇಕು. ಜೊತೆಗೆ, ಹಾಡಿಯಲ್ಲಿ ಸತ್ತವರ ಜೊತೆ ಮಾತಾಡುವುದು ಎಲ್ಲರಿಗೂ ಅಭ್ಯಾಸವೋ, ಈ ಮಗುವಿಗೆ ಮಾತ್ರ ಹೊಸದೋ, ಅದನ್ನೂ. ಡಾಕ್ಟರಿಗೆ ಈ ಎರಡನೆಯದು ತಿಳಿಯದೆ ತಪ್ಪು ಮಾತ್ರೆ ಬಿದ್ದದ್ದುಂಟು.

ಮಗು ಶಾಂತವಾಗಬೇಕಾದರೆ ಏನು ಬೇಕೆಂದು ಮಾಲೀಕರ ಮಗನಿಗೆ ನಾವು ಮಾಡಿದ್ದನ್ನು ನೆನೆದರೆ ಸಾಕು. ಮೂಲೆಯ ಮಂಚ, ಸಣ್ಣ ದೀಪ, ಸುತ್ತ ಕಡಿಮೆ ಜನ, ಅಮ್ಮ ಕೈಗೆಟಕುವಷ್ಟು ಹತ್ತಿರ, ಮಾತಾಡುವವರು ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡುವುದು, ಒಂದು ಲೋಟ ನೀರು. ಇದಕ್ಕೆ ಔಷಧಿ ಸ್ಟಾಕ್ ಬೇಡ. "ಪಕ್ಕದ ರೂಮಲ್ಲಿ ಕೂರಿಸ್ಬಹುದಾ, ಅಮ್ಮ ಜೊತೆಗಿದ್ರೆ ಸುಮ್ನಾಗ್ತಾನೆ" ಎಂದು ನೀವೇ ಬಾಯಿಬಿಟ್ಟು ಕೇಳಿ. ಕೈಯ ನೂಲು ಅಡ್ಡವಾದರೆ ಇನ್ನೊಂದು ಕೈಗೆ ಡ್ರಿಪ್ ಹಾಕಬಹುದು, ಅಥವಾ ಬಿಚ್ಚಿ ಅಮ್ಮನ ಕೈಗೆ ಕೊಡಬಹುದು. ಕತ್ತರಿ ತರಲು ಬಿಡಬೇಡಿ.

ಬ್ಯಾಂಡೇಜ್ ಉರುಳೆ ಹೊರಗೆ ಬಂದರೆ

ಕಟ್ಟುವುದು ಯಾವಾಗಲೂ ತಪ್ಪು ಎಂದು ನಾನು ಹೇಳುವುದಿಲ್ಲ. ಕಿಟಕಿಯಿಂದ ಹಾರಲು ಹೊರಟ ಮಗುವನ್ನು ಹಿಡಿಯದೆ ಬಿಡಲಾಗದು. ಆದರೆ ಅದೇ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಂ ಸ್ಪಷ್ಟವಾಗಿದೆ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಕಟ್ಟಬಹುದು, ಅದಕ್ಕೆ ಮನೋವೈದ್ಯರ ಒಪ್ಪಿಗೆ ಇರಬೇಕು. ಅಪಾಯ ಕಳೆದ ಮೇಲೆ ಬಿಚ್ಚಬೇಕು. ಯಾಕೆ, ಹೇಗೆ, ಎಷ್ಟು ಹೊತ್ತು ಎಂಬುದು ಫೈಲಿನಲ್ಲಿರಬೇಕು. ಶಿಕ್ಷೆಗೆಂದು ಕಟ್ಟುವಂತಿಲ್ಲ. ಸ್ಟಾಫ್ ಕಡಿಮೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಈ ಕೊನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸರಪಳಿ ಹಾಕುವುದಂತೂ ಯಾವ ರೂಪದಲ್ಲೂ ನಿಷಿದ್ಧ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದೂ ಹಾಗೆಯೇ.

ನೀವು ಮಾಡಬೇಕಾದದ್ದು ಕಟ್ಟಿದ ಹೊತ್ತನ್ನು ಬರೆದುಕೊಳ್ಳುವುದು. ರಾತ್ರಿ 10.20. "ಎಷ್ಟು ಹೊತ್ತಿಗೆ ಬಿಚ್ತೀರಿ ಸಿಸ್ಟರ್?" ಎಂದು ಮೆಲ್ಲಗೆ ಕೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಗಂಟಿನೊಳಗೆ ಒಂದು ಬೆರಳು ಹೋಗಬೇಕು, ಬೆರಳ ತುದಿ ತಣ್ಣಗಾಗಬಾರದು. ಕೊಟ್ಟ ಇಂಜೆಕ್ಷನ್ ಹೆಸರು ಕೇಳಿ ಅದೇ ಹಾಳೆಯಲ್ಲಿ ಬರೆಯಿರಿ. ಗಡಿಯಾರ ನೋಡಿ ಬರೆದುಕೊಳ್ಳುವವರು ಎದುರಿಗಿದ್ದರೆ ನಮ್ಮಂಥವರ ಕೈ ತಾನಾಗಿ ನಿಧಾನವಾಗುತ್ತದೆ. ಇದು ಒಳಗಿನ ಗುಟ್ಟು.

ಮಗು ಪ್ರಾಣ ಕಳೆದುಕೊಳ್ಳಲು ಹೊರಟಿದ್ದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಮಾಡುತ್ತಾರೆ, ಪೊಲೀಸರು ಬಂದು ಹೇಳಿಕೆ ಕೇಳುತ್ತಾರೆ. ಇಲ್ಲೇ ಹಾಡಿಯವರು ಎದ್ದು ಹೋಗುವುದು. ಖಾಕಿ ಕಂಡರೆ ಅವರಿಗೆ ಕಾಡಿನ ಕೇಸುಗಳು ನೆನಪಾಗುತ್ತವೆ, ತಪ್ಪೆನ್ನಲಾರೆ. ಫೈಲಿನಲ್ಲಿ "ಅಬ್ಸ್ಕಾಂಡೆಡ್", ಅಂದರೆ ಹೇಳದೆ ಓಡಿಹೋದರು, ಎಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕೆ ಮುಂಚೆಯೇ ಅಮ್ಮನಿಗೆ ಹೇಳಿಡಿ: ಇದು ಕೇಸು ಹಾಕಲು ಅಲ್ಲ. ಅದೇ ಕಾಯ್ದೆಯ 115ನೇ ಕಲಂ ಪ್ರಕಾರ ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಎಲೆ ಅಡಿಕೆಗೆ ಹೊರಗೆ ಹೋದರೂ ಸಿಸ್ಟರಿಗೆ ಹೇಳಿ ಹೋಗಲಿ. ಯಾರೋ ಮುಟ್ಟಿದರು, ಹೊಡೆದರು ಎಂದು ಮಗು ಅಂದರೆ ನೀವು ಮತ್ತೆ ಮತ್ತೆ ಕೇಳಿ ಕೆದಕಬೇಡಿ. ಒಮ್ಮೆ ಡಾಕ್ಟರಿಗೆ ತಿಳಿಸಿ, 1098ಕ್ಕೆ ಫೋನ್ ಮಾಡಿ. ಹುಡುಗಿಯನ್ನು ಲೇಡಿ ಡಾಕ್ಟರೇ ಪರೀಕ್ಷಿಸಬೇಕು.

ರೆಫರ್

ಮಕ್ಕಳ ಮನೋವೈದ್ಯರು ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ, ತೀರಾ ಆದರೆ ಬೆಂಗಳೂರಿನ ನಿಮ್ಹಾನ್ಸಿಗೆ ಬರೆಯುತ್ತಾರೆ. ತುರ್ತಿನಲ್ಲಿ ಯಾವ ನೋಂದಾಯಿತ ವೈದ್ಯರಾದರೂ ಚಿಕಿತ್ಸೆ ಶುರು ಮಾಡಬಹುದು, ಸಾಮಾನ್ಯವಾಗಿ 72 ಗಂಟೆಯ ಮಟ್ಟಿಗೆ. ಆದ್ದರಿಂದ "ಇಲ್ಲಿ ಸೈಕಿಯಾಟ್ರಿ ಇಲ್ಲ" ಎಂದು ಏನೂ ಕೊಡದೆ, ಏನೂ ನೋಡದೆ ಕಳಿಸುವುದು ಸರಿಯಲ್ಲ. ಜ್ವರ, ಶುಗರ್ ಬರೆಸಿಕೊಂಡು, ಅಲ್ಲಿಗೆ ಫೋನ್ ಮಾಡಿಸಿಕೊಂಡು, ಆಂಬುಲೆನ್ಸ್ ಕೇಳಿಕೊಂಡೇ ಹೊರಡಿ.

ನಾನು ಕಂಡಂತೆ ಅರ್ಧ ರೆಫರ್‌ಗಳು ಆಸ್ಪತ್ರೆಯ ಗೇಟಿನಲ್ಲೇ ಸಾಯುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕುಯ್ಲು, ಅಪ್ಪ ಅಮ್ಮ ಇಬ್ಬರೂ ಹೋದರೆ ಕೂಲಿ ಇಲ್ಲ, ಮುಂಗಡ ಕೊಟ್ಟ ಸಾಹುಕಾರರು ಕೇಳುತ್ತಾರೆ, ಮೈಸೂರಿನಲ್ಲಿ ಮಲಗುವುದೆಲ್ಲಿ. "ಹೇಳಿದ್ರೂ ಹೋಗಲ್ಲ ಇವರು" ಎಂದು ನಾವು ಎಷ್ಟು ಸಲ ಅಂದಿದ್ದೇವೋ. ಜೊತೆಗೆ ಹೋದವರು ಆ ರಾತ್ರಿಯೇ ಸಾಹುಕಾರರಿಗೆ ಫೋನ್ ಮಾಡಿ, ನಾಲ್ಕು ದಿನ ರಜೆ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ರೆಫರಲ್ ಸೀಲ್ ಹಾಕಿಸಿ. ಬುಡಕಟ್ಟು ಅಭಿವೃದ್ಧಿಯ ಐಟಿಡಿಪಿ ಕಚೇರಿಯವರಿಗೆ ಬೆಳಿಗ್ಗೆ ತಿಳಿಸಿ, ಗಾಡಿಗೋ ಖರ್ಚಿಗೋ ದಾರಿಯಾದೀತು.

ನಡೆದುಕೊಂಡ ರೀತಿಯ ಬಗ್ಗೆ ದೂರು ಕೊಡಬೇಕೆನಿಸಿದರೆ ಮಗು ಮನೆಗೆ ಬಂದ ಮೇಲೆ ಕೊಡಿ, ಮಂಚದ ಪಕ್ಕ ನಿಂತು ಬೇಡ. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಆಮೇಲೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ. ದಾಖಲೆಯ ನಕಲು ಕೇಳುವ ಹಕ್ಕಿದೆ. ಚಿಕಿತ್ಸೆಯಲ್ಲಿ ಜಾತಿ, ವರ್ಗ, ಸಂಸ್ಕೃತಿ ನೋಡಿ ಭೇದ ಮಾಡಬಾರದು ಎಂಬುದು ಅದೇ ಕಾಯ್ದೆಯ 18ನೇ ಕಲಂ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. ನೀವು ಬರೆದುಕೊಂಡ ಆ ಹಾಳೆ, 10.20ರದ್ದು, ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮನೆಗೆ ಬಂದ ಮೇಲೆ ತೋಟದ ಔಷಧಿ, ಅಜ್ಜಿಯ ಮಾತ್ರೆ ಎಲ್ಲ ಬೀಗದೊಳಗೆ ಹೋಗಬೇಕು. ಲೈನ್ ಮನೆಯಲ್ಲಿ ಬೀಗ ಹಾಕುವ ಪೆಟ್ಟಿಗೆ ಎಲ್ಲಿ ಬರಬೇಕು? ಸಾಹುಕಾರರ ಗೋಡೌನಿಗೆ ಕಳಿಸಿ. ಆಶ್ರಮ ಶಾಲೆಯ ಮೇಷ್ಟ್ರಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಜ್ವರದಿಂದ ಎದ್ದಿದ್ದಾನೆ, ಮಧ್ಯಾಹ್ನ ನಿದ್ದೆ ಬರುತ್ತದೆ ಎಂದರೆ ಸಾಕು. ಮಾತ್ರೆ ನಿಂತರೆ ಕಾಯಿಲೆ ಮರಳಿ ಬರುವುದು ಹೆಚ್ಚಾಗಿ ಮೂರನೇ ವಾರದಲ್ಲಿ ಎಂಬುದು ನನ್ನ ಅನುಭವ, ಚೆನ್ನಾಗಿದ್ದಾನಲ್ಲ ಎಂದು ಎಲ್ಲರೂ ಮರೆತ ಹೊತ್ತಿನಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ಕು ಮಂಗಳವಾರ ಇರುತ್ತದೆ, ಮನೋವೈದ್ಯರು ಬರುತ್ತಾರೆಯೇ ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ನಾನಂತೂ ಸೋಮವಾರ ಸಂಜೆ ಕೂಲಿ ಮುಗಿಯುವ ಹೊತ್ತಿಗೆ ಹಾಡಿಗೆ ಫೋನ್ ಹಾಕುತ್ತೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ, ಹಳೆಯ ಚೀಟಿ ತನ್ನಿ, ಯೂನಿಫಾರ್ಮ್ ಒಗೆದಿದ್ದರೆ ಹಾಕಿಸಿ.